ಸಹಾಯ ಬೇಕು: ವಿಪಿಎನ್ ಕನೆಕ್ಟ್ ಆಗುತ್ತದೆ, ಆಫೀಸ್ ಕಂಪ್ಯೂಟರ್ ಮಾತ್ರ ಸಿಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನೆಟ್‌ವರ್ಕಿಂಗ್ ಗೊತ್ತಿರುವವರು ಸ್ವಲ್ಪ ನೋಡಿ.

ಮನೆ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11 ಹೋಮ್ ಇದೆ. ಆಫೀಸಿನದು ವಿಂಡೋಸ್ 11 ಪ್ರೊ. ಅದರಲ್ಲಿ ರಿಮೋಟ್ ಡೆಸ್ಕ್‌ಟಾಪ್ (ದೂರದಿಂದಲೇ ಆ ಕಂಪ್ಯೂಟರ್ ಬಳಸುವ ಸೌಲಭ್ಯ) ಆನ್ ಇದೆ, ಸ್ಲೀಪ್ ಆಫ್ ಮಾಡಿದ್ದೇನೆ. ಮನೆ ವೈಫೈಯಲ್ಲಿ ವಿಪಿಎನ್ (ಇಂಟರ್ನೆಟ್ ಮೂಲಕ ಆಫೀಸ್ ನೆಟ್‌ವರ್ಕಿಗೆ ಹೋಗುವ ಸುರಕ್ಷಿತ ದಾರಿ) ಸಲೀಸಾಗಿ ಕನೆಕ್ಟ್ ಆಗುತ್ತದೆ. ಆದರೆ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಆಫೀಸ್ ಕಂಪ್ಯೂಟರಿನ ಐಪಿ (ನೆಟ್‌ವರ್ಕ್ ವಿಳಾಸ) 192.168.1.25 ಅಂತ ಕೊಟ್ಟರೆ ಸುಮ್ನೆ ತಿರುಗುತ್ತಾ ಇದ್ದು, ಕೊನೆಗೆ ಕನೆಕ್ಟ್ ಆಗಲಿಲ್ಲ ಅನ್ನುತ್ತದೆ. ತಮಾಷೆ ಏನೆಂದರೆ, ಮೊಬೈಲ್ ಹಾಟ್‌ಸ್ಪಾಟ್ ಹಾಕಿದರೆ ಅದೇ ಲ್ಯಾಪ್‌ಟಾಪ್, ಅದೇ ಪಾಸ್‌ವರ್ಡ್, ಒಂದೇ ಏಟಿಗೆ ಒಳಗೆ ಹೋಗುತ್ತದೆ!

ಐಪಿಕಾನ್ಫಿಗ್ (ನೆಟ್‌ವರ್ಕ್ ವಿವರ ತೋರಿಸುವ ಕಮಾಂಡ್) ಹೊಡೆದು ನೋಡಿದೆ. ಮನೆ ರೂಟರ್ ವಿಳಾಸ 192.168.1.1, ಅಂದರೆ ಮನೆಯಲ್ಲೂ ಆಫೀಸಿನ ಹಾಗೆ 192.168.1 ಸರಣಿಯೇ. ಹಾಗಾಗಿ ಲ್ಯಾಪ್‌ಟಾಪ್ ಆ 25ನ್ನು ಮನೆಯೊಳಗೇ ಹುಡುಕುತ್ತಿದೆ, ವಿಪಿಎನ್ ಕಡೆ ಹೋಗುತ್ತಲೇ ಇಲ್ಲ ಅಂತ ನನ್ನ ಅನುಮಾನ. ಸರೀನಾ?

ಮನೆ ರೂಟರನ್ನು 192.168.50.1ಕ್ಕೆ ಬದಲಿಸಿದರೆ ಸಾಕಾ? ವೈಫೈ ಪ್ರಿಂಟರ್‌ಗೆ ಕೈಯಾರೆ ಐಪಿ ಕೊಟ್ಟಿದ್ದೇನೆ, ಅದನ್ನೂ ಬದಲಿಸಬೇಕು ಅಲ್ವಾ? ರಿಮೋಟ್ ಡೆಸ್ಕ್‌ಟಾಪ್ ಬಳಸುವ 3389 ಪೋರ್ಟನ್ನು ನೇರ ಇಂಟರ್ನೆಟ್‌ಗೆ ತೆರೆದುಬಿಡಿ ಅನ್ನುವ ಸಲಹೆ ಮಾತ್ರ ಬೇಡ, ಕಳ್ಳರಿಗೆ ನಾವೇ ಬಾಗಿಲು ತೆಗೆದಿಟ್ಟ ಹಾಗೆ. ಎನಿಡೆಸ್ಕ್, ಟೀಮ್‌ವ್ಯೂವರ್‌ನಂಥ ಬೇರೆ ರಿಮೋಟ್ ಆ್ಯಪ್‌ಗಳಿಗೂ ಆಫೀಸಿನಲ್ಲಿ ಅನುಮತಿ ಇಲ್ಲ.