"ನಾನು ಸ್ತ್ರೀವಾದಿ ಅಲ್ಲ ಮೇಡಂ, ನನಗೆ ಅಪ್ಪ ಅಂದ್ರೆ ಇಷ್ಟ"

ಹಳೇಪೇಟೆ ಮೇಡಂ, ದಾವಣಗೆರೆ:

ಹೋದ ವಾರ ನಮ್ಮ ಕಾಲೇಜಿನಲ್ಲಿ ಭಾಷಣ ಸ್ಪರ್ಧೆ ಇತ್ತು. ಬಿ.ಎ. ಎರಡನೇ ವರ್ಷದ ಹುಡುಗಿ ಒಬ್ಬಳು ಮಾತಾಡಿದಳು. ಅವಳ ತಾಯಿ ಮಂಡಕ್ಕಿ ಭಟ್ಟಿಗೆ ಕೆಲಸಕ್ಕೆ ಹೋಗುತ್ತಾರೆ. ಬೆಳಗಿನ ಜಾವ ಎದ್ದು ಅಡುಗೆ ಮುಗಿಸುವುದು, ಭಟ್ಟಿಯ ಹೊಗೆಗೆ ಕಣ್ಣು ಕೆಂಪಾಗಿ ಮನೆಗೆ ಬರುವುದು, ಬಂದ ಮೇಲೆ ಮತ್ತೆ ಒಲೆ ಮುಂದೆ ಕೂರುವುದು, ವಾರದ ಬಟವಾಡೆಯನ್ನು ಎಣಿಸದೆ ಗಂಡನ ಕೈಗೆ ಕೊಡುವುದು, ಎಲ್ಲವನ್ನೂ ಹೇಳಿದಳು. ಅಕ್ಕನನ್ನು ಎಸ್ಸೆಸ್ಸೆಲ್ಸಿಗೇ ಶಾಲೆ ಬಿಡಿಸಿದ್ದನ್ನೂ ಹೇಳಿದಳು. ಕೂತವರು ಯಾರೂ ಕೆಮ್ಮಲಿಲ್ಲ. ಕೊನೆಗೆ "ಆದರೆ ನಾನು ಸ್ತ್ರೀವಾದಿ ಅಲ್ಲ" ಅಂತ ಹೇಳಿ ಕೆಳಗಿಳಿದಳು.

ಆಮೇಲೆ ಕರೆದು ಕೇಳಿದೆ, ಯಾಕಮ್ಮ ಹಾಗಂದೆ ಅಂತ. "ಹಂಗಂದ್ರೆ ಮನೆ ಮುರಿಯೋರು ಅಂತಾರೆ ಮೇಡಂ. ನನಗೆ ಅಪ್ಪ ಅಂದ್ರೆ ಇಷ್ಟ" ಅಂದಳು.

ಈ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. ಅಪ್ಪನನ್ನು ಪ್ರೀತಿಸುವುದಕ್ಕೂ ಅಮ್ಮನ ಬಟವಾಡೆ ಅಮ್ಮನ ಹತ್ತಿರ ಇರಬೇಕು ಅನ್ನುವುದಕ್ಕೂ ಜಗಳ ಇದೆ ಅಂತ ಇವಳಿಗೆ ಹೇಳಿದವರು ಯಾರು? ಸ್ತ್ರೀವಾದ ಅಂದರೆ ನನಗೆ ಗೊತ್ತಿರುವುದು ಇಷ್ಟೇ: ಹೆಣ್ಣಾಗಿ ಹುಟ್ಟಿದಳು ಅಂತ ಓದಿನಲ್ಲಿ, ಕೂಲಿಯಲ್ಲಿ, ಆಸ್ತಿಯಲ್ಲಿ, ಮಾತಿನಲ್ಲಿ ಕಡಿಮೆ ಆಗಬಾರದು. ಹತ್ತು ನಿಮಿಷ ಅದನ್ನೇ ಹೇಳಿ, ಹೆಸರು ಬಂದ ಕೂಡಲೇ ಹುಡುಗಿ ಹೆದರಿಬಿಟ್ಟಳು. ನಿಮಗೆಲ್ಲ ಏನನ್ನಿಸುತ್ತದೆ?

ದುರ್ಗದ ಹುಡುಗ:

ಮೇಡಂ, ಬೇಜಾರಾಗಬೇಡಿ. ಹುಡುಗಿ ಸರಿಯಾಗಿಯೇ ಹೇಳಿದ್ದಾಳೆ. ನಮ್ಮದು ಓಬವ್ವನ ಊರು. ಇಲ್ಲಿ ಹೆಣ್ಣನ್ನು ಪೂಜೆ ಮಾಡುತ್ತಾರೆ. ನವೆಂಬರ್ 11ಕ್ಕೆ ಸರ್ಕಾರವೇ ಓಬವ್ವ ಜಯಂತಿ ಮಾಡುತ್ತದೆ. ಈ ಸ್ತ್ರೀವಾದ ಎಲ್ಲ ಬೆಂಗಳೂರಿನ ಮಾತು. ಈಗ ಕಾನೂನೆಲ್ಲ ಹೆಂಗಸರ ಪರ, 2023ರಿಂದ ಬಸ್ಸೂ ಫ್ರೀ. ಇನ್ನೂ ಏನು ಬೇಕು?

ಚಳ್ಳಕೆರೆ ಅಕ್ಕ:

ತಮ್ಮಾ, ಓಬವ್ವನ ಕತೆ ನಾನೂ ಕೇಳಿಕೊಂಡೇ ಬೆಳೆದವಳು. ಗಂಡ ಊಟಕ್ಕೆ ಕೂತಿದ್ದ. ಕುಡಿಯೋಕೆ ನೀರಿರಲಿಲ್ಲ. ತರೋಕೆ ಹೋದಳು. ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ನುಸುಳುತ್ತಿದ್ದುದು ಕಂಡಳು. ಉಣ್ಣುವವನನ್ನು ಎಬ್ಬಿಸಬಾರದು ಅಂತ ತಾನೇ ಒನಕೆ ಹಿಡಿದಳು. ಕಾವಲಿನ ಕೆಲಸ ಅವನದು, ಕಹಳೆಯೂ ಅವನದು. ಆ ಹೊತ್ತಿನಲ್ಲಿ ಕೋಟೆ ಕಾದವಳು ಮಾತ್ರ ಓಬವ್ವ. ಪೂಜೆ ಮಾಡೋಣ, ಬೇಡ ಅನ್ನಲ್ಲ. ಆದರೆ ಇವತ್ತು ಕೋಟೆ ಕೆಳಗಿನ ಹೊಲದಲ್ಲಿ ಕೆಲಸ ಮಾಡುವ ಓಬವ್ವಂದಿರ ಕೂಲಿ ಎಷ್ಟು ಅಂತ ಕೇಳಿದ್ದೀಯಾ?

ನಾವು ಶೇಂಗಾ ಹಾಕುತ್ತೇವೆ. ನಮ್ಮ ಕಡೆ ಹೆಣ್ಣಾಳಿನ ಕೂಲಿ ಒಂದು, ಗಂಡಾಳಿನ ಕೂಲಿ ಒಂದು. ಯಾಕೆ ಅಂದರೆ "ಗಂಡಾಳು ಭಾರದ ಕೆಲಸ ಮಾಡ್ತಾನೆ" ಅಂತಾರೆ. ಗಂಡಾಳು ಔಷಧಿ ಹೊಡೆದು ಮಧ್ಯಾಹ್ನಕ್ಕೆ ಮನೆಗೆ ಹೋಗುತ್ತಾನೆ. ಹೆಂಗಸರು ಬಿಸಿಲಲ್ಲಿ ಸೊಂಟ ಬಗ್ಗಿಸಿ ಸಾಯಂಕಾಲದ ತನಕ ಕಳೆ ತೆಗೆಯುತ್ತಾರೆ, ಗಿಡ ಕಿತ್ತು ಕಾಯಿ ಬಿಡಿಸುತ್ತಾರೆ. ಭಾರ ಅಂದರೆ ತಲೆ ಮೇಲಿನದು ಮಾತ್ರಾನಾ? ಎರಡು ವರ್ಷದ ಹಿಂದೆ ನಾನು ಇಬ್ಬರಿಗೂ ಒಂದೇ ಕೂಲಿ ಮಾಡಿದೆ. ಪಕ್ಕದ ಹೊಲದವರು ಮನೆಗೇ ಬಂದು ಜಗಳ ಆಡಿದರು, "ಆಳುಗಳನ್ನ ಹಾಳು ಮಾಡ್ತೀಯ" ಅಂತ.

ಬಸ್ಸಿನ ವಿಷಯ. ನಮ್ಮ ಅತ್ತೆಗೆ ಕಣ್ಣಿನ ಪೊರೆ ಇತ್ತು. ಚಿತ್ರದುರ್ಗದ ಆಸ್ಪತ್ರೆಗೆ ಹೋಗೋಕೆ ಮಗನ ಹತ್ತಿರ ಬಸ್ ಚಾರ್ಜ್ ಕೇಳೋಕೆ ಸಂಕೋಚಪಟ್ಟು ಒಂದು ವರ್ಷ ಸುಮ್ನೆ ಇದ್ದರು. ಟಿಕೆಟ್ ಇಲ್ಲ ಅಂತ ಗೊತ್ತಾದ ಮೇಲೆ ತಾವೇ ಹೊರಟರು. ನಿನಗೆ ಅದು ಫ್ರೀ ಬಸ್ಸು. ಅವರಿಗೆ ಅದು ಕಣ್ಣು.

ಹಳೇಪೇಟೆ ಮೇಡಂ:

ಕೂಲಿಯ ಮಾತು ಬಂತಲ್ಲ, ಅದಕ್ಕೇ ಹೇಳುತ್ತೇನೆ. ಸಮಾನ ವೇತನ ಕಾಯ್ದೆ ಬಂದದ್ದು 1976ರಲ್ಲಿ. ಹೊಲದ ಬದುವಿಗೆ ಸಮಾನ ಕೂಲಿ ಇನ್ನೂ ಬಂದಿಲ್ಲ. ಇನ್ನು ಮನೆಯೊಳಗಿನ ಕೂಲಿ ಇಲ್ಲದ ಕೆಲಸ. 2019ರಲ್ಲಿ ಕೇಂದ್ರ ಸರ್ಕಾರ ಸಮಯ ಬಳಕೆ ಸಮೀಕ್ಷೆ ಮಾಡಿತು, ಯಾರು ಯಾವ ಕೆಲಸಕ್ಕೆ ದಿನಕ್ಕೆ ಎಷ್ಟು ಹೊತ್ತು ಕೊಡುತ್ತಾರೆ ಅಂತ. ಮನೆಗೆಲಸಕ್ಕೆ ಹೆಂಗಸರದು 299 ನಿಮಿಷ, ಗಂಡಸರದು 97 ನಿಮಿಷ. ಈ 97 ಕೂಡ ಮನೆಗೆಲಸಕ್ಕೆ ಕೈ ಹಾಕಿದ ಗಂಡಸರ ಲೆಕ್ಕ. ಅಂಥವರು ನೂರಕ್ಕೆ 26 ಮಂದಿ. ಇದು ಬೆಂಗಳೂರಿನ ಮಾತಲ್ಲ ತಮ್ಮಾ, ದೇಶದ ಎಲ್ಲ ಅಡುಗೆ ಮನೆಯ ಮಾತು.

ಜಗಳೂರು ರೈತ:

ನಾನು ಕಡ್ಡಿ ಮುರಿದ ಹಾಗೆ ಹೇಳುತ್ತೇನೆ. ಓದು, ಕೂಲಿ ಎಲ್ಲ ಒಪ್ಪುತ್ತೇನೆ. ಆಸ್ತಿ ಅಂದಾಗ ನನಗೆ ಹೊಟ್ಟೆ ಉರಿಯುತ್ತದೆ. ನಮ್ಮದು 6 ಎಕರೆ, ಮಳೆ ನಂಬಿದ ಮೆಕ್ಕೆಜೋಳ. ನಾನು, ತಮ್ಮ, ಒಬ್ಬಳು ತಂಗಿ. ತಂಗಿ ಮದುವೆಗೆ ಮಾಡಿದ ಸಾಲ ಇನ್ನೂ ತೀರಿಲ್ಲ. ವರನ ಕಡೆಯವರು ಕೇಳಿದ್ದನ್ನೆಲ್ಲ ಕೊಟ್ಟೆವು. ಅದೇ ಅವಳ ಪಾಲು ಅಲ್ವಾ? ಅಪ್ಪ ತೀರಿಕೊಂಡು ಮೂರು ವರ್ಷ ಆಯಿತು. ಅವ್ವನನ್ನು ನೋಡಿಕೊಳ್ಳುತ್ತಿರುವವನು ನಾನು. ಈಗ ಮತ್ತೆ 2 ಎಕರೆ ಕೊಡು ಅಂದರೆ ನಾನು ಏನು ಉಣ್ಣಲಿ? ಸ್ತ್ರೀವಾದ ಅಣ್ಣ ತಂಗಿ ನಡುವೆ ಕೋರ್ಟು ತರುತ್ತದೆ ಅಂತ ಜನ ಹೆದರುವುದರಲ್ಲಿ ತಪ್ಪೇನಿದೆ?

ಹಳೇಪೇಟೆ ಮೇಡಂ:

ಅಣ್ಣಾ, ನಿಮ್ಮ ಸಾಲದ ನೋವು ಅರ್ಥವಾಗುತ್ತದೆ. ಒಂದೇ ಒಂದು ಕೇಳುತ್ತೇನೆ. ಮದುವೆಯಲ್ಲಿ ಕೊಟ್ಟದ್ದು ಈಗ ನಿಮ್ಮ ತಂಗಿಯ ಕೈಯಲ್ಲಿ ಇದೆಯಾ? ನಾಳೆ ಅವಳಿಗೆ ಕಷ್ಟ ಬಂದರೆ ಅದನ್ನು ಮಾರಿ ಬದುಕಬಹುದಾ? ನೀವು ಕೊಟ್ಟದ್ದು ಬೀಗರಿಗೆ. 1961ರಿಂದಲೂ ವರದಕ್ಷಿಣೆ ಅಪರಾಧ. ಕೊಡುವುದೂ ಅಪರಾಧವೇ. ಆ ಸಾಲವನ್ನು ನಿಮ್ಮ ಹೆಗಲಿಗೆ ಏರಿಸಿದ್ದು ನಿಮ್ಮ ತಂಗಿ ಅಲ್ಲ, ಸ್ತ್ರೀವಾದವೂ ಅಲ್ಲ. ಅದರ ವಿರುದ್ಧ ಮೊದಲಿನಿಂದಲೂ ಬೀದಿಗೆ ಇಳಿದವರು ನೀವು ಹೆದರುವ ಆ ಹೆಂಗಸರೇ.

ಹೊಸದುರ್ಗದ ಸೊಸೆ:

ಇಷ್ಟು ದಿನ ಇಲ್ಲಿ ಬರೀ ಓದುತ್ತಿದ್ದೆ. ಇವತ್ತು ಬರೆಯುತ್ತೇನೆ.

ನಾನು ತವರಿನ ಆಸ್ತಿಯ ಹಕ್ಕು ಬಿಟ್ಟು ಸಹಿ ಹಾಕಿದವಳು. ಎಂಟು ವರ್ಷದ ಹಿಂದೆ ಅಣ್ಣ ಫೋನ್ ಮಾಡಿ "ಒಂದು ಕಾಗದಕ್ಕೆ ಸಹಿ ಬೇಕಿತ್ತು, ಬಂದು ಹೋಗು" ಅಂದ. ತವರಿಗೆ ಹೋಗುವ ಖುಷಿಯಲ್ಲಿ ಚಕ್ಕುಲಿ ಕಟ್ಟಿಕೊಂಡು ಹೋದೆ. ಸೀದಾ ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋದ. ಕಾಗದ ಬರೆಯುವವರು ಮೊದಲೇ ಎಲ್ಲ ಟೈಪ್ ಮಾಡಿ ಇಟ್ಟಿದ್ದರು. ಹಕ್ಕು ಬಿಡುಗಡೆ ಪತ್ರ. ಓದಲೇ ಅಂತ ಕೈ ಚಾಚಿದೆ. "ಓದೋದು ಏನಿದೆಯವ್ವಾ, ಮನೆ ವಿಷಯ" ಅಂದರು. ಫೋಟೋ ತೆಗೆದರು, ಹೆಬ್ಬೆಟ್ಟು ಒತ್ತಿಸಿದರು. "ಒಪ್ಪಿಗೆ ಇದೆಯಾ?" ಅಂತ ಕೇಳಿದಾಗ ಅಣ್ಣನ ಮುಖ ನೋಡಿದೆ. ಹೂಂ ಅಂದೆ.

ಹೊರಗೆ ಬಂದ ಮೇಲೆ ಅಣ್ಣ ಬೆಣ್ಣೆ ದೋಸೆ ಕೊಡಿಸಿದ. ಬೆರಳಿನಲ್ಲಿ ಇಂಕು ಇನ್ನೂ ಇತ್ತು, ದೋಸೆ ಮುರಿದಾಗ ಬಿಳಿ ಚಟ್ನಿಗೆ ನೀಲಿ ಹತ್ತಿತು. ಮನೆಗೆ ಬಂದ ಮೇಲೆ ಅತ್ತಿಗೆ ಅರಿಶಿನ ಕುಂಕುಮ ಕೊಟ್ಟು ಸೀರೆ ಕೊಟ್ಟರು. ಅಣ್ಣ ಕೆಟ್ಟವನಲ್ಲ. ಈಗಲೂ ಪಂಚಮಿಗೆ ಬಂದು ಕರೆಯುತ್ತಾನೆ. ಆದರೆ ನನ್ನ ಗಂಡ ಬೈಕಿನಿಂದ ಬಿದ್ದು ಆರು ತಿಂಗಳು ಮಲಗಿದಾಗ, ಸಾಲ ಕೇಳಿದ ಕಡೆಯೆಲ್ಲ "ನಿಮ್ಮ ಹೆಸರಲ್ಲಿ ಏನಿದೆ?" ಅಂತ ಕೇಳಿದರು. ಏನೂ ಇರಲಿಲ್ಲ. ಗಂಡನ ಮನೆ ಜಮೀನು ಮಾವನ ಹೆಸರಲ್ಲಿ, ತವರಿನದು ಅಣ್ಣನ ಹೆಸರಲ್ಲಿ.

ಆವತ್ತು ಬೇಡ ಅಂದಿದ್ದರೆ ತವರಿನ ಬಾಗಿಲು ಮುಚ್ಚುತ್ತಿತ್ತು. ಇದನ್ನು ನಾನಾಗಿಯೇ ಬಿಟ್ಟುಕೊಟ್ಟೆ ಅಂತ ಹೇಗೆ ಹೇಳಲಿ?

ಹರಿಹರದ ವಕೀಲ:

ಅಕ್ಕಾ, ನೀವು ಬರೆದದ್ದನ್ನು ನಾನು ಎಷ್ಟೋ ಸಲ ಕಣ್ಣಾರೆ ಕಂಡಿದ್ದೇನೆ. ನೋಂದಣಿ ಆದ ಪತ್ರವನ್ನು ಆಮೇಲೆ ರದ್ದು ಮಾಡಿಸುವುದು ಬಹಳ ಕಷ್ಟ. ಅದಕ್ಕೇ ಇದನ್ನು ಓದುತ್ತಿರುವ ಹೆಣ್ಣುಮಕ್ಕಳಿಗೆಲ್ಲ ಹೇಳುತ್ತೇನೆ: ಓದದೆ ಹೆಬ್ಬೆಟ್ಟು ಒತ್ತಬೇಡಿ.

ರೈತ ಅಣ್ಣನ ಪ್ರಶ್ನೆಗೆ ಕಾನೂನು ಏನು ಹೇಳುತ್ತದೆ ನೋಡಿ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು ಅಂತ ಕರ್ನಾಟಕ 1994ರಲ್ಲೇ ಮಾಡಿತು. ಆದರೆ ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗೆ ಬಿಟ್ಟಿತ್ತು. 2005ರಲ್ಲಿ ಕೇಂದ್ರದ ಹಿಂದೂ ಉತ್ತರಾಧಿಕಾರ ಕಾಯ್ದೆ ತಿದ್ದುಪಡಿ ಆದ ಮೇಲೆ ಮದುವೆಯಾಗಿರಲಿ ಬಿಡಲಿ, ಮಗಳೂ ಸಮಪಾಲು. ತಿದ್ದುಪಡಿ ಬಂದ ದಿನ ಅಪ್ಪ ಬದುಕಿದ್ದರಾ ಇಲ್ವಾ ಅನ್ನುವ ಜಗಳ ಹದಿನೈದು ವರ್ಷ ನಡೆಯಿತು. 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ಮುಗಿಸಿತು: ಇದು ಹುಟ್ಟಿನಿಂದ ಬರುವ ಹಕ್ಕು. 2004ರ ಡಿಸೆಂಬರ್ 20ಕ್ಕೂ ಮೊದಲು ಸರಿಯಾಗಿ ಪಾಲಾಗಿದ್ದರೆ ಅದನ್ನು ಮುಟ್ಟುವುದಿಲ್ಲ. ಮದುವೆ ಖರ್ಚನ್ನು ಪಾಲಿನಲ್ಲಿ ಕಳೆಯಬಹುದು ಅಂತ ಈ ಕಾಯ್ದೆ ಎಲ್ಲೂ ಹೇಳಿಲ್ಲ.

ಇನ್ನೊಂದು. 2007ರ ಹಿರಿಯ ನಾಗರಿಕರ ಕಾಯ್ದೆ ಪ್ರಕಾರ ಅಪ್ಪ ಅವ್ವನನ್ನು ಸಾಕುವ ಹೊಣೆ ಮಗನಿಗೂ ಇದೆ, ಮಗಳಿಗೂ ಇದೆ. ಪಾಲೂ ಸಮ, ಹೊಣೆಯೂ ಸಮ.

ದುರ್ಗದ ಹುಡುಗ:

ಸರ್, ಕಾನೂನಿನ ದುರುಪಯೋಗದ ಬಗ್ಗೆಯೂ ಹೇಳಿ. ನನ್ನ ಗೆಳೆಯನ ಮೇಲೆ ಹೆಂಡತಿ ವರದಕ್ಷಿಣೆ ಕಿರುಕುಳದ ಕೇಸು ಹಾಕಿ ಅವನ ವಯಸ್ಸಾದ ತಾಯಿಯ ಹೆಸರನ್ನೂ ಸೇರಿಸಿದರು. ಆ ತಾಯಿಯೂ ಹೆಣ್ಣಲ್ವಾ?

ಹರಿಹರದ ವಕೀಲ:

ಹೌದು. ಸುಳ್ಳು ಕೇಸುಗಳು ಇವೆ, ನಾನೇ ನೋಡಿದ್ದೇನೆ. ಅದಕ್ಕೇ 2014ರಲ್ಲಿ ಸುಪ್ರೀಂ ಕೋರ್ಟ್ ಇಂಥ ದೂರಿನಲ್ಲಿ ಕಾರಣ ಬರೆಯದೆ ಸುಮ್ನೆ ಬಂಧಿಸಬಾರದು ಅಂತ ಪೊಲೀಸರಿಗೆ ಹೇಳಿತು. ನಿಮ್ಮ ಗೆಳೆಯನಿಗೆ ನ್ಯಾಯ ಸಿಗಬೇಕು. ಆದರೆ ನಮ್ಮ ದೇಶದಲ್ಲಿ ವರದಕ್ಷಿಣೆ ಸಾವುಗಳು ವರ್ಷಕ್ಕೆ 6 ಸಾವಿರಕ್ಕೂ ಜಾಸ್ತಿ ಆದದ್ದು ಪೊಲೀಸ್ ಲೆಕ್ಕದಲ್ಲೇ ಇದೆ. ಆ ಹೆಣ್ಣುಮಕ್ಕಳು ಇಲ್ಲಿಗೆ ಬಂದು ಬರೆಯೋಕೆ ಆಗಲ್ಲ.

ಹಿರಿಯೂರು ಮೇಷ್ಟ್ರು:

ಪದದ ಬಗ್ಗೆ ಮೇಡಂ ಕೇಳಿದ್ದನ್ನು ಎಲ್ಲರೂ ಬಿಟ್ಟಿರಿ. ಮೂವತ್ತು ವರ್ಷ ಕನ್ನಡ ಪಾಠ ಮಾಡಿದ್ದೇನೆ, ನನಗೆ ತೋಚಿದ್ದು ಹೇಳುತ್ತೇನೆ. ನಮ್ಮ ಜನ "ವಾದ" ಅನ್ನುವ ಮಾತನ್ನು ಎಲ್ಲಿ ಕೇಳುತ್ತಾರೆ? ಒಂದು, ವಾದ ಮಾಡಬೇಡ ಅಂತ ಮನೆಯಲ್ಲಿ ಬೈಯುವಾಗ. ಇನ್ನೊಂದು, ಕೋರ್ಟಿನಲ್ಲಿ. ಅಲ್ಲಿ ವಾದಿ ಅಂದರೆ ದಾವೆ ಹಾಕಿದವನು, ಎದುರಿಗೆ ಒಬ್ಬ ಪ್ರತಿವಾದಿ ಇರಲೇಬೇಕು. ಹಾಗಾಗಿ ಸ್ತ್ರೀವಾದಿ ಅಂದ ಕೂಡಲೇ ಗಂಡಸು ತಾನೇ ಪ್ರತಿವಾದಿ ಅಂದುಕೊಂಡು ಕಟಕಟೆಯಲ್ಲಿ ಹೋಗಿ ನಿಲ್ಲುತ್ತಾನೆ. ಯಾರೂ ಸಮನ್ಸ್ ಕೊಟ್ಟಿರುವುದಿಲ್ಲ. ಸಮಾಜವಾದ, ಗಾಂಧಿವಾದ ಅಂದಾಗ ಇರುವ "ವಾದ" ಬೇರೆ. ಅದು ಒಂದು ನಂಬಿಕೆ, ಒಂದು ದಾರಿ. ಪಾಠದಲ್ಲಿ ಇದನ್ನು ನಾವೇ ಬಿಡಿಸಿ ಹೇಳಲಿಲ್ಲ. ಮೇಷ್ಟ್ರುಗಳ ತಪ್ಪೂ ಇದೆ.

ಮತ್ತೆ ಇದು ಹೊರಗಿನಿಂದ ಬಂದದ್ದು ಅನ್ನುವವರಿಗೆ. ಆಯ್ದಕ್ಕಿ ಲಕ್ಕಮ್ಮ ಯಾರು? ಗಂಡ ಮಾರಯ್ಯ ದಿನದ ಲೆಕ್ಕಕ್ಕಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ, ಇದು ಆಸೆ, ಹೋಗಿ ವಾಪಸ್ ಸುರಿದು ಬಾ ಅಂದವಳು. 12ನೇ ಶತಮಾನದಲ್ಲಿ. ಅವಳ ಮನೆ ಮುರಿಯಲಿಲ್ಲ. ಗಂಡ ಆ ಮಾತು ಕೇಳಿದ, ಇಬ್ಬರೂ ಶರಣರೆನಿಸಿದರು. ಅವಳ ಹೆಸರಿಟ್ಟು ಭಾಷಣ ಮಾಡುವ ನಾವು ಮನೆಯಲ್ಲಿ ಹೆಂಡತಿ ಲೆಕ್ಕ ಕೇಳಿದರೆ ಮುಖ ಗಂಟಿಕ್ಕುತ್ತೇವೆ.

ಮೊಳಕಾಲ್ಮೂರು ಸದಸ್ಯೆ:

ನಾನು ಗ್ರಾಮ ಪಂಚಾಯಿತಿ ಸದಸ್ಯೆ. ನಮ್ಮ ರಾಜ್ಯದಲ್ಲಿ ಅರ್ಧ ಸೀಟು ಹೆಂಗಸರಿಗೆ, ಅದರಲ್ಲಿ ಗೆದ್ದವಳು. ಮೊದಲ ವರ್ಷ ನನ್ನ ಕುರ್ಚಿಯಲ್ಲಿ ನಮ್ಮ ಮನೆಯವರು ಕೂರುತ್ತಿದ್ದರು. ನಾನು ನಡಾವಳಿ ಪುಸ್ತಕಕ್ಕೆ ಸಹಿ ಮಾತ್ರ ಹಾಕುತ್ತಿದ್ದೆ. ಶಾಲೆಯಲ್ಲಿ ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿನ ಸಂಪರ್ಕ ಇಲ್ಲ ಅಂತ ಮಗಳು ಹೇಳಿದಳು. ಸಭೆಯಲ್ಲಿ ಇದನ್ನು ಎತ್ತಿ ಅಂದರೆ ಇವರು "ಅದೆಲ್ಲ ಹೇಳೋಕೆ ನಾಚಿಕೆ" ಅಂದರು. ಮುಂದಿನ ಸಭೆಗೆ ನಾನೇ ಹೋದೆ. ಕೈ ನಡುಗುತ್ತಿತ್ತು. ನೀರು ಬಂತು. ಮೇಷ್ಟ್ರೇ, ನನ್ನ ಮೇಲೆ ಈ ಪದ ಹಾಕಿದರೆ ನನಗೆ ಬೇಜಾರಿಲ್ಲ.

ಜಗಳೂರು ರೈತ:

ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ಹೊಸದುರ್ಗದ ಅಕ್ಕ ಬರೆದದ್ದನ್ನು ರಾತ್ರಿ ಅವ್ವನಿಗೆ ಓದಿ ಹೇಳಿದೆ. ಅವ್ವ ಏನೂ ಮಾತಾಡಲಿಲ್ಲ. ಬೆಳಗ್ಗೆ ರೊಟ್ಟಿ ಬಡಿಯುತ್ತಾ "ನಾನೂ ಒತ್ತಿದೀನಿ ಕಣಪ್ಪ, ನಿಮ್ಮ ಸೋದರಮಾವಗೆ" ಅಂದಳು. ನನಗೆ ಇದು ಗೊತ್ತೇ ಇರಲಿಲ್ಲ.

ಸ್ತ್ರೀವಾದ ಅನ್ನುವ ಪದ ನನಗೆ ಈಗಲೂ ಸೇರುವುದಿಲ್ಲ, ಸುಳ್ಳು ಹೇಳಲ್ಲ. 2 ಎಕರೆ ಹೋದರೆ ಹೇಗೆ ಅನ್ನುವ ಭಯವೂ ಹೋಗಿಲ್ಲ. ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ತೀರಿಕೊಂಡ ಅಪ್ಪನ ಜಮೀನನ್ನು ನಮ್ಮ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಅಂತ ವಂಶವೃಕ್ಷದ ಅರ್ಜಿ ಬರೆಸಿಟ್ಟಿದ್ದೇವೆ. ಅದರಲ್ಲಿ ನನ್ನ ಹೆಸರು, ತಮ್ಮನ ಹೆಸರು, ಅವ್ವನ ಹೆಸರು ಇದೆ. ತಂಗಿಯದು ಇಲ್ಲ. ಬೇಕು ಅಂತ ಬಿಟ್ಟದ್ದಲ್ಲ ಅಂತ ಬರೆಯಬೇಕು ಅಂದುಕೊಂಡೆ. ಬೇಕು ಅಂತಲೇ ಬಿಟ್ಟದ್ದು. ವಕೀಲರೇ, ಈಗ ಏನು ಮಾಡಬೇಕು?

ಹರಿಹರದ ವಕೀಲ:

ಆ ಅರ್ಜಿ ಕೊಡಬೇಡಿ. ತಂಗಿಯ ಹೆಸರು ಸೇರಿಸಿ ಹೊಸ ಪ್ರಮಾಣಪತ್ರ (ಅಫಿಡವಿಟ್) ಮಾಡಿಸಿ ನಾಡಕಚೇರಿಗೆ ಕೊಡಿ. ವಾರಸುದಾರರನ್ನು ಮುಚ್ಚಿಟ್ಟು ಪ್ರಮಾಣ ಮಾಡಿದರೆ ನಾಳೆ ತೊಂದರೆ ನಿಮಗೇ. ಖಾತೆಗೆ ಎಲ್ಲರ ಹೆಸರು ಜಂಟಿಯಾಗಿ ಬಂದರೆ ನಾಳೆಯೇ ಹೊಲ ಒಡೆಯಿತು ಅಂತ ಅಲ್ಲ. ಉಳುಮೆ ನೀವೇ ಮಾಡಬಹುದು, ಬೆಳೆ ಹಂಚಿಕೊಳ್ಳಬಹುದು. ಅದು ನಿಮ್ಮ ನಿಮ್ಮ ಮಾತು.

ಜಗಳೂರು ರೈತ:

ಸೋಮವಾರ ಹೋಗುತ್ತೇನೆ. ತಂಗಿಗೆ ಫೋನ್ ಮಾಡಿದೆ, "ನಂಗೇನೂ ಬೇಡ ಬಿಡಣ್ಣ" ಅಂದಳು. ಪ್ರೀತಿಗೆ ಅಂದಳೋ ಹೆದರಿ ಅಂದಳೋ ತಿಳಿಯಲಿಲ್ಲ. ಏನು ಹೇಳಲಿ ಅವಳಿಗೆ?

ಹೊಸದುರ್ಗದ ಸೊಸೆ:

ಏನೂ ಹೇಳಬೇಡಿ ಅಣ್ಣಾ. ಆಧಾರ್ ಕಾರ್ಡ್ ತಗೊಂಡು ಬಾ ಅನ್ನಿ, ಕಾಗದವನ್ನು ಅವಳ ಕೈಗೆ ಕೊಟ್ಟು ಓದೋಕೆ ಬಿಡಿ. ಬೇಡ ಅಂದರೆ ಇನ್ನೊಂದು ಸಲ ಕೇಳಿ. ನಮ್ಮಣ್ಣ ಒಂದು ಸಲವೂ ಕೇಳಲಿಲ್ಲ.