ಕಾರವಾರ: ಶಟರ್ ಸಿಕ್ಕಿಕೊಂಡು ಕಾರು ಒಳಗೇ ಇದೆ, ಸಹಾಯ ಬೇಕು

ನಮಸ್ಕಾರ. ನಮ್ಮ ಮನೆ ಕೋಡಿಬಾಗದಲ್ಲಿ. ಕಾರು ಶೆಡ್ಡಿಗೆ 10 ಅಡಿ ಅಗಲದ ರೋಲಿಂಗ್ ಶಟರ್ ಇದೆ, ಕೈಯಿಂದ ಎತ್ತುವಂಥದ್ದು. ಇವತ್ತು ಬೆಳಿಗ್ಗೆ ಎತ್ತುವಾಗ ಮೇಲೆ ಟಣ್ ಅಂತ ಸದ್ದಾಯಿತು, ಒಂದೂವರೆ ಅಡಿಗೆ ನಿಂತೇಬಿಟ್ಟಿತು. ಬಲಗಡೆ ಸ್ವಲ್ಪ ಏಳುತ್ತದೆ, ಎಡಗಡೆ ಅಲುಗಾಡುವುದೇ ಇಲ್ಲ. ಉಪ್ಪುಗಾಳಿಗೆ ಆ ಕಡೆಯ ಹಳಿ ಪೂರ್ತಿ ತುಕ್ಕು ಹಿಡಿದಿದೆ, ಮೇಲಿಂದ ಈ ಮಳೆ ಬೇರೆ.

ತುಕ್ಕು ಕೆರೆದು ಎಣ್ಣೆ ಬಿಟ್ಟೆವು, ಮೂವರು ಸೇರಿ ಎತ್ತಿದೆವು, ಆಗಲಿಲ್ಲ. ಮೊದಲು ನಾನೊಬ್ಬಳೇ ಎತ್ತುತ್ತಿದ್ದ ಶಟರ್ ಈಗ ಇಷ್ಟು ಭಾರ ಅಂದರೆ ಸ್ಪ್ರಿಂಗ್ ತುಂಡಾಗಿರಬೇಕು, ಅಲ್ವಾ? ಆದರೆ ಫೋನಿನಲ್ಲಿ ಕೇಳಿದ ವೆಲ್ಡಿಂಗಿನವರು, ಪಟ್ಟಿ ಹಳಿಯಿಂದ ಹೊರಬಂದಿದೆ, ಬಡಿದು ಕೂರಿಸಿ ಎಂದರು. ಅವರು ಬರುವುದು ಸೋಮವಾರ. ನಾಳೆ ಬೆಳಿಗ್ಗೆ ಅಪ್ಪನಿಗೆ ಡಯಾಲಿಸಿಸ್ ಇದೆ, ಈ ಮಳೆಯಲ್ಲಿ ಅವರನ್ನು ಆಟೋದಲ್ಲಿ ಕೂರಿಸಲು ಜೀವ ಒಪ್ಪುತ್ತಿಲ್ಲ. ಬಿಗಿಯಾಗಿ ಸುತ್ತಿದ ಸ್ಪ್ರಿಂಗ್ ಸಿಡಿದರೆ ಕೈ ಹೋಗುತ್ತದೆ, ಹಾಗಾಗಿ ಮೇಲಿನ ಬೋಲ್ಟ್ ಮುಟ್ಟಿಲ್ಲ.

ಸ್ಪ್ರಿಂಗ್ ಹೋಗಿದೆಯೋ ಪಟ್ಟಿ ಜಾರಿದೆಯೋ ಅಂತ ಕೆಳಗಿನಿಂದಲೇ ಹೇಗೆ ಗುರುತಿಸುವುದು? ಸ್ಪ್ರಿಂಗೇ ಆಗಿದ್ದರೆ, ಎರಡೂ ಕಡೆ ಜ್ಯಾಕ್ ಇಟ್ಟು ಎತ್ತಿ, ಮರದ ಕಂಬ ಕೊಟ್ಟು ಕಾರು ತೆಗೆಯಬಹುದಾ? ಕಾರವಾರ, ಸದಾಶಿವಗಡ, ಅಂಕೋಲಾ ಕಡೆಯಿಂದ ಇವತ್ತು ರಾತ್ರಿಯೊಳಗೆ ಬರುವ ಶಟರ್ ರಿಪೇರಿಯವರು ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.