ಯೂನಿಫಾರ್ಮ್ ಹಾಕಿದರೆ ಕಿರುಚುತ್ತಾನೆ, ಮುಂಬೈಯಲ್ಲಿ ಮೆತ್ತನೆ ಬಟ್ಟೆ ಎಲ್ಲಿ ಸಿಗುತ್ತದೆ?

ಡೊಂಬಿವಲಿ ಅಮ್ಮ:
ಎಲ್ಲರಿಗೂ ನಮಸ್ಕಾರ. ಮಗನಿಗೆ ಆರು ವರ್ಷ, ಆಟಿಸಂ ಇದೆ, ಮಾತು ಕಡಿಮೆ. ಅವನ ಮೈಗೆ ಒಗ್ಗುವುದು ಬಣ್ಣ ಹೋದ ಒಂದು ನೀಲಿ ಟೀ ಶರ್ಟ್ ಮಾತ್ರ. ಈ ಮಳೆಯಲ್ಲಿ ಅದು ಒಣಗುವ ತನಕ ಬರಿ ಮೈಯಲ್ಲೇ ಓಡಾಡುತ್ತಾನೆ. ಶಾಲೆಯ ಶರ್ಟ್ ಟೆರಿಕಾಟ್, ಅದಕ್ಕೆ ಕಾಲರ್ ಬೇರೆ. ಹಾಕಿದ ತಕ್ಷಣ ಕತ್ತು, ಎದೆ ಎಲ್ಲ ಕೆರೆದುಕೊಂಡು ಕಿರುಚುತ್ತಾನೆ. ಸಾಕ್ಸ್ ಅಂತೂ ಕೇಳಲೇಬೇಡಿ. ಅತ್ತೆ "ಇದು ಹಠ, ನೀನೇ ಮುದ್ದು ಮಾಡಿ ಕೆಡಿಸಿದ್ದೀಯ" ಅನ್ನುತ್ತಾರೆ. ಇಂಥ ಮಕ್ಕಳಿಗೆಂದೇ ಹೊಲಿದ ಹೊರದೇಶದ ಬಟ್ಟೆಗಳನ್ನು ಆನ್‌ಲೈನ್‌ನಲ್ಲಿ ನೋಡಿದೆ, ಬೆಲೆ ಕಂಡು ಫೋನ್ ಪಕ್ಕಕ್ಕಿಟ್ಟೆ. ದಾದರ್, ಕ್ರಾಫರ್ಡ್ ಮಾರ್ಕೆಟ್ ಕಡೆ ಎಲ್ಲಾದರೂ ಸಿಗುತ್ತದಾ? ನವೆಂಬರಿನಲ್ಲಿ ಉಡುಪಿಯಲ್ಲಿ ಮೈದುನನ ಮದುವೆಯೂ ಇದೆ.

ಮುಲುಂಡ್ ಟೇಲರ್ ಅಕ್ಕ:
ತಂಗಿ, ಅಂಗಡಿ ಆಮೇಲೆ ಹುಡುಕೋಣ. ಮೊದಲು ಆ ನೀಲಿ ಟೀ ಶರ್ಟನ್ನೂ ಯೂನಿಫಾರ್ಮನ್ನೂ ತಿರುವಿ ಹಾಕಿ ಒಳಮೈ ನೋಡು. ನನ್ನ ಮಗನಿಗೂ ಆಟಿಸಂ, ಈಗ ಮೀಸೆ ಬಂದ ಹುಡುಗ. ಬ್ಲೌಸ್ ಹೊಲಿದೇ ಬದುಕಿದವಳು ನಾನು, ನನ್ನ ಕಣ್ಣು ಮೊದಲು ಹೋಗುವುದೇ ಹೊಲಿಗೆಗೆ. ಎಲ್ಲರೂ ಕಾಟನ್ ಹಾಕಿ, ಕಾಟನ್ ಹಾಕಿ ಅನ್ನುತ್ತಾರೆ. ಬಟ್ಟೆ ಕಾಟನ್ ಆಗಿದ್ದು ಒಳಗೆ ಅಂಚು ಬಿಚ್ಚದ ಹಾಗೆ ನೈಲಾನ್ ದಾರದಲ್ಲಿ ಓವರ್‌ಲಾಕ್ ಹೊಡೆದಿದ್ದರೆ ಏನು ಬಂತು? ಹೊಲಿಗೆ ಮುಗಿಯುವ ಕಡೆ ದಾರದ ತುದಿ ಸೂಜಿ ಹಾಗೆ ನೆಟ್ಟಗೆ ನಿಂತಿರುತ್ತದೆ. ಕೆಲಸ ಮಾಡಿ ಮಾಡಿ ಒರಟಾದ ನಮ್ಮ ಬೆರಳಿಗೆ ಅದು ಗೊತ್ತಾಗುವುದಿಲ್ಲ. ತುಟಿಗೆ ಉಜ್ಜಿ ನೋಡು, ಗೊತ್ತಾಗುತ್ತದೆ.

ಎದೆ ಕೆರೆಯುತ್ತಾನೆ ಅಂದೆಯಲ್ಲ, ಅಲ್ಲಿ ಶಾಲೆಯ ಗುರುತು ಕಸೂತಿಯಲ್ಲಿ ಇದೆಯಾ? ಅದರ ಹಿಂಬದಿ ನೋಡು. ಮಷಿನ್ ಕಸೂತಿಗೆ ಹಿಂದೆ ಕೊಟ್ಟ ಗಟ್ಟಿ ಕಾಗದವನ್ನು ಸುಮ್ನೆ ಹರಿದು ಬಿಟ್ಟಿರುತ್ತಾರೆ, ದಾರದ ಗಂಟುಗಳೂ ಹಾಗೇ ಇರುತ್ತವೆ. ಉಳಿದ ಕಾಗದ ಕತ್ತರಿಸಿ ತೆಗೆದು, ಮೇಲೆ ಹಳೆಯ ಮಲ್, ಅಂದರೆ ತೆಳು ಮೆತ್ತನೆ ಹತ್ತಿ ಬಟ್ಟೆಯ ತುಂಡು ಇಟ್ಟು ಕೈಯಲ್ಲೇ ಹೊಲಿದುಬಿಡು. ಕಾಲರ್ ನೆಟ್ಟಗೆ ನಿಲ್ಲಲಿ ಅಂತ ಒಳಗೆ ಕ್ಯಾನ್ವಾಸ್, ಅಂದರೆ ಗಟ್ಟಿ ಬಟ್ಟೆ ಇರುತ್ತದೆ. ಬಿಡಿಯಾಗಿ ಹಾಕಿದ್ದರೆ ಬಿಚ್ಚಿ ತೆಗೆಯಬಹುದು, ಅಂಟಿಸಿದ್ದರೆ ಬರುವುದಿಲ್ಲ, ಕಾಲರನ್ನೇ ಬದಲಾಯಿಸಬೇಕು. ಕಾಲರ್ ಜೋಲುತ್ತದೆ. ಜೋಲಲಿ ಬಿಡು.

ಲೇಬಲ್ಲನ್ನು ಮಾತ್ರ ಕತ್ತರಿಯಿಂದ ಕತ್ತರಿಸಬೇಡ. ಉಳಿದ ಮೋಟು ಮೊದಲಿಗಿಂತ ಜಾಸ್ತಿ ಚುಚ್ಚುತ್ತದೆ. ಹೊಲಿಗೆ ಬಿಚ್ಚುವ ಪುಟ್ಟ ಕೊಕ್ಕೆಯನ್ನು ಮ್ಯಾಚಿಂಗ್ ಸೆಂಟರ್‌ಗಳಲ್ಲಿ ಮಾರುತ್ತಾರೆ. ಅದರಲ್ಲಿ ದಾರ ಒಂದೊಂದೇ ಬಿಡಿಸಿ ಲೇಬಲ್ಲನ್ನು ಬುಡಸಮೇತ ತೆಗೆ. ಬಾಯಿ ಬಿಟ್ಟ ಜಾಗಕ್ಕೆ ಹತ್ತಿ ದಾರದಲ್ಲಿ ಎರಡು ಹೊಲಿಗೆ ಹಾಕು. ಬನಿಯನ್, ಚಡ್ಡಿ ಎರಡನ್ನೂ ತಿರುಗುಮುರುಗು ಹಾಕು, ಹೊಲಿಗೆ ಹೊರಗೆ ಬರುತ್ತದೆ. ಯಾರು ನೋಡುತ್ತಾರೆ?

ಈಗ ಅಂಗಡಿ. ಮಳೆಗಾಲದಲ್ಲಿ ದಾದರಿನ ಬಟ್ಟೆ ಅಂಗಡಿಗಳಿರುವ ಹಿಂದ್‌ಮಾತಾ ಕಡೆ ಹೋಗಬೇಡ, ನೀರು ತುಂಬಿದರೆ ಅಲ್ಲೇ ಸಿಕ್ಕಿಕೊಳ್ಳುತ್ತೀಯ. ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಮಂಗಳದಾಸ್ ಮಾರ್ಕೆಟ್ ಒಳ್ಳೆಯದು, ಭಾನುವಾರ ಮುಚ್ಚಿರುತ್ತದೆ. ಮಗನನ್ನು ಕರೆದೊಯ್ಯಬೇಡ, ಆ ಗಲ್ಲಿಗಳ ಗದ್ದಲ ನನಗೇ ಆಗುವುದಿಲ್ಲ. ಮಲ್ ಕೇಳು, ಮೀಟರ್ ಲೆಕ್ಕದಲ್ಲಿ ಕೊಡುತ್ತಾರೆ. ಟೀ ಶರ್ಟಿಗೆ ತಿರುಪ್ಪೂರಿನ ಬನಿಯನ್ ಬಟ್ಟೆ ಸಾಕು, ಭುಜದ ಮೇಲೆ ಹೊಲಿಗೆ ಬಾರದ ರಾಗ್ಲನ್ ತೋಳು ಸಿಕ್ಕರೆ ಇನ್ನೂ ಒಳ್ಳೆಯದು. ಬಿದಿರಿನ ಬಟ್ಟೆ ಅಂತ ಮಾರುವುದು ಹೆಚ್ಚಾಗಿ ವಿಸ್ಕೋಸ್, ಬಿದಿರಿನ ತಿರುಳನ್ನು ರಾಸಾಯನಿಕದಲ್ಲಿ ಕರಗಿಸಿ ಮಾಡಿದ ನೂಲು. ಮೆತ್ತಗಿರುವುದು ನಿಜ, ಆದರೆ ಬೇಗ ಜೋತುಬೀಳುತ್ತದೆ. ಒಂದು ಒಪ್ಪಿಗೆಯಾಯಿತೋ, ಅದೇ ಟೀ ಶರ್ಟನ್ನು ಮುಂದಿನ ಸೈಜುಗಳಲ್ಲೂ ತೆಗೆದಿಟ್ಟುಕೋ. ಹೊಸ ಬಟ್ಟೆಯ ಗಂಜಿ ಹೋಗುವ ತನಕ ಒಗೆದೇ ಅವನ ಮುಂದಿಡು. ಮನೆಯೊಳಗೆ ಒಣಗಿದ ಬಟ್ಟೆ ಸೆಟೆದುಕೊಳ್ಳುತ್ತದೆ, ಹಾಕುವ ಮೊದಲು ಚೆನ್ನಾಗಿ ಕೊಡವಿ ಕೈಯಲ್ಲಿ ಹಿಸುಕು.

ಠಾಣೆ ಓಟಿ:
ನಾನು ಆಕ್ಯುಪೇಶನಲ್ ಥೆರಪಿಸ್ಟ್ (ಓಟಿ), ದಿನನಿತ್ಯದ ಕೆಲಸಗಳಿಗೆ ಮಕ್ಕಳನ್ನು ತಯಾರು ಮಾಡುವ ತರಬೇತಿ ಕೊಡುವುದು ನನ್ನ ಕೆಲಸ. ಅತ್ತೆಯವರಿಗೆ ತಿಳಿಸಿ, ಇದು ಹಠ ಅಲ್ಲ. ಸ್ಪರ್ಶ, ಸದ್ದುಗಳಿಗೆ ವಿಪರೀತವಾಗಿ ಅಥವಾ ತೀರಾ ಕಡಿಮೆ ಸ್ಪಂದಿಸುವುದನ್ನು, ಡಾಕ್ಟರುಗಳು ಇಂಥ ತೊಂದರೆ ಗುರುತಿಸಲು ಬಳಸುವ ಅಮೆರಿಕದ ಕೈಪಿಡಿಯಾದ 2013ರ ಡಿಎಸ್‌ಎಂ-5 ಆಟಿಸಂನ ಲಕ್ಷಣಗಳಲ್ಲೇ ಸೇರಿಸಿದೆ. ಎಷ್ಟೋ ಮಕ್ಕಳಿಗೆ ಹಗುರವಾಗಿ ಸವರುವ ಬಟ್ಟೆಯೇ ಹೆಚ್ಚು ಕಷ್ಟ, ಒತ್ತಿ ಹಿಡಿಯುವುದು ಹಿತ. ಅಂಥವರಿಗೆ ಸಡಿಲ ಅಂಗಿಗಿಂತ ಮೈಗಂಟಿದ ಬನಿಯನ್ ಒಗ್ಗುತ್ತದೆ. ನಿಮ್ಮ ಮಗ ಯಾವ ಕಡೆ ಅಂತ ನೋಡಿ. ಭಾರ ತುಂಬಿದ ಜಾಕೆಟ್ ತರಿಸಿ ಅಂತ ಯಾರಾದರೂ ಹೇಳಿದರೆ ಅವಸರ ಬೇಡ, ಅದರಿಂದ ಉಪಯೋಗ ಆಗುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಇನ್ನೊಂದು ಮಾತು. ನಿನ್ನೆವರೆಗೆ ಹಾಕುತ್ತಿದ್ದ ಬಟ್ಟೆಯನ್ನು ದಿಢೀರನೆ ಬೇಡ ಅಂದರೆ ಮೈ ಪರೀಕ್ಷಿಸಿ. ಈ ಸೆಕೆಯಲ್ಲಿ ಬೆವರುಸಾಲೆ, ಗಜಕರ್ಣ ಆಗಿರಬಹುದು, ಮಗುವಿಗೆ ಹೇಳಲು ಬರುವುದಿಲ್ಲ.

ಮಾಟುಂಗಾ ಅಪ್ಪ:
ಶಾಲೆಗೆ ಬಾಯಿಮಾತಲ್ಲಿ ಹೇಳಬೇಡಿ, ಪತ್ರ ಕೊಡಿ. ಆಟಿಸಂ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಬರುತ್ತದೆ. ಸರ್ಕಾರದ ಮಾನ್ಯತೆ ಇರುವ ಶಾಲೆ ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡಬೇಕು. ನಾವು ಕೇಳಿದ್ದು ಅದೇ ಬಣ್ಣದ ಕಾಲರ್ ಇಲ್ಲದ ಟೀ ಶರ್ಟ್ ಮತ್ತು ಸಾಕ್ಸ್ ಇಲ್ಲದೆ ಸ್ಯಾಂಡಲ್. ಮೊದಲು "ಶಿಸ್ತು, ಶಿಸ್ತು" ಅಂದರು. ಡಾಕ್ಟರ ಚೀಟಿ ಜೊತೆಗಿಟ್ಟ ಮೇಲೆ ಒಪ್ಪಿದರು. ಸಾಕ್ಸ್ ಬೇಕೇ ಬೇಕು ಅಂದರೆ ತಿರುಗಿಸಿ ಹಾಕಿ. ಬೆರಳ ತುದಿಯಲ್ಲಿ ಬರುವ ಆ ದಪ್ಪ ಹೊಲಿಗೆಯೇ ಅಸಲಿ ಸಮಸ್ಯೆ.

ಡೊಂಬಿವಲಿ ಅಮ್ಮ:
ಅಕ್ಕಾ, ನೀವು ಹೇಳಿದ್ದು ಸರಿ. ಕಸೂತಿ ಹಿಂದೆ ಕಾಗದ ಇದೆ, ಅಂಚು ಕೈಗೇ ಗೀರುತ್ತದೆ! ಶಾಲೆಗೆ ಪತ್ರ ಇವತ್ತೇ ಬರೆಯುತ್ತೇನೆ. ಆದರೆ ಮದುವೆಗೆ ಅತ್ತೆ ಜರಿ ಕುರ್ತಾ ತಂದಿಟ್ಟಿದ್ದಾರೆ, ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ.

ಮುಲುಂಡ್ ಟೇಲರ್ ಅಕ್ಕ:
ಜರಿ ಕುರ್ತಾ ಅವನ ಮೈಮೇಲೆ ಐದು ನಿಮಿಷ ಉಳಿಯುವುದಿಲ್ಲ ತಂಗಿ. ಅದೇ ಬಣ್ಣದ ಮಲ್ ತಂದು ಕಾಲರ್ ಇಲ್ಲದ ಕುರ್ತಾ ಹೊಲಿಸು. ಒಳಗಿನ ಅಂಚುಗಳನ್ನೆಲ್ಲ ಮಡಚಿ ಹೊಲಿಯಬೇಕು, ಓವರ್‌ಲಾಕ್ ಬೇಡ ಅಂತ ಟೇಲರ್‌ಗೆ ಒತ್ತಿ ಹೇಳು. ಗುಂಡಿ ಒಂದೇ ಸಾಕು. ದಸರಾದಿಂದಲೇ ಮನೆಯಲ್ಲಿ ಹಾಕಿಸಿ ರೂಢಿ ಮಾಡಿಸು. ಅತ್ತೆ ತಂದ ಕುರ್ತಾದ ಜರಿ ಅಂಚು ಬಿಚ್ಚಿ ಒಂದು ಶಲ್ಯಕ್ಕೆ ಹೊಲಿಸಿದರಾಯಿತು. ಫೋಟೊ ಹೊತ್ತಿಗೆ ಅವರೇ ಅದನ್ನು ಮೊಮ್ಮಗನ ಹೆಗಲ ಮೇಲೆ ಹಾಕಲಿ. ಕೆಳಗೆ ಮಲ್ ಕುರ್ತಾ ಇರುವುದರಿಂದ ಜರಿ ಕತ್ತಿಗೆ ತಾಗದ ಹಾಗೆ ನೋಡಿಕೊಂಡರೆ ಆಯಿತು.